ಲವಣಸಮುದ್ರದಿಂದ ಹಿಮಗಿರಿಗೆ

ಜಂಬೂದ್ವೀಪವನ್ನು ಲವಣಸಮುದ್ರವು ಸುತ್ತುವರಿದಿದೆಯೆಂದೂ, ಆ ದ್ವೀಪದೊಳಗಿನ ವರ್ಷಪರ್ವತಗಳಲ್ಲಿ ಹಿಮವಂತನು ಒಬ್ಬನೆಂದೂ ಪುರಾಣಗಳು ಹೇಳುತ್ತವೆ. ದಕ್ಷಿಣಕ್ಕೆ ಉಪ್ಪುನೀರು, ಉತ್ತರಕ್ಕೆ ಹಿಮ. ಈ ಎರಡು ಎಲ್ಲೆಗಳ ನಡುವಣ ನೆಲಕ್ಕೆ ಭಾರತವರ್ಷವೆಂದು ಹೆಸರು. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಮೂವತ್ತಕ್ಕೂ ಮಿಕ್ಕಿದ ವರ್ಷಗಳಲ್ಲಿ ‘ಆಸೇತುಹಿಮಾಚಲ’ ಎಂಬ ಸಮಾಸವನ್ನು ನಾವು ಎಷ್ಟು ಸಲ ಬಿಡಿಸಿ ತೋರಿಸಿದೆವೋ ಲೆಕ್ಕವಿಲ್ಲ. ಸಮಾಸವನ್ನು ಬಿಡಿಸುವುದು ಸುಲಭ. ಅದರ ಎರಡು ಪದಗಳ ನಡುವೆ ಬಿದ್ದಿರುವ ದಾರಿಯನ್ನು ಅಳೆಯುವುದು ಬೇರೆಯೇ ಮಾತು. ಈಗಿನ ಕಾಲದಲ್ಲಿ ಮಂಗಳೂರಿನಲ್ಲಿ ಬೆಳಗಿನ ಉಪಾಹಾರವನ್ನು ಮುಗಿಸಿದವನು ವಿಮಾನವನ್ನೇರಿ ಸಂಜೆಯೊಳಗೆ ಹಿಮಾಲಯದ ತಪ್ಪಲನ್ನು ಸೇರಬಲ್ಲನು. ಅಂಥವನಿಗೆ ಕಡಲೂ ಕಾಣುತ್ತದೆ, ಹಿಮವೂ ಕಾಣುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಬಾಂಧವ್ಯವು ಮಾತ್ರ ಕಾಣುವುದಿಲ್ಲ. ಅದನ್ನು ನೋಡಬೇಕೆಂಬ ಅಪೇಕ್ಷೆಯಿಂದ, ನಿವೃತ್ತರಾದ ಮೇಲಿನ ಮೊದಲನೆಯ ಚೈತ್ರಮಾಸದಲ್ಲಿ, ನಾವು ದಂಪತಿಗಳು ನಮ್ಮ ಚಿಕ್ಕ ಕಾರಿನಲ್ಲಿ ಮಂಗಳೂರಿನಿಂದ ಹಿಮಾಚಲ ಪ್ರದೇಶದ ಲಾಹುಲಿನವರೆಗೆ, ಸುಮಾರು 3,000 ಕಿಲೋಮೀಟರು, ನೆಲವನ್ನು ಬಿಡದೆ ಪ್ರಯಾಣಮಾಡಿದೆವು. ಆ ವೃತ್ತಾಂತದಲ್ಲಿ ಗೃಹಸ್ಥರಿಗೂ ಗೃಹಿಣಿಯರಿಗೂ ಉಪಯೋಗವಾಗಬಹುದಾದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಹೊರಡುವ ಮೊದಲು ಕೆಲವು ನಿಯಮಗಳನ್ನು ಮಾಡಿಕೊಂಡೆವು. ದಿನಕ್ಕೆ 250 ಕಿಲೋಮೀಟರನ್ನು ಮೀರತಕ್ಕದ್ದಲ್ಲ. ಸಂಜೆ ನಾಲ್ಕು ಗಂಟೆಯೊಳಗೆ ವಸತಿಯನ್ನು ಸೇರತಕ್ಕದ್ದು. ರಾತ್ರಿ ಗಾಡಿಯನ್ನು ನಡಸತಕ್ಕದ್ದಲ್ಲ. ಇಬ್ಬರಲ್ಲಿ ಯಾರೊಬ್ಬರಿಗೆ ದೇಹಾಲಸ್ಯವಾದರೂ ಇಬ್ಬರೂ ನಿಲ್ಲತಕ್ಕದ್ದು. ಗಾಡಿಯನ್ನು ನಡಸುವ ಭಾರ ನಮ್ಮದು. ದುಡ್ಡಿನ ಚೀಲ, ಲೆಕ್ಕದ ಪುಸ್ತಕ, ಒಂದು ಪುಟ್ಟ ಕುಕ್ಕರು, ಕುಚ್ಚಲಕ್ಕಿ, ಉಪ್ಪಿನಕಾಯಿ ಇವೆಲ್ಲ ಗೃಹಿಣಿಯ ಅಧೀನ. ಸಂಸ್ಕೃತವನ್ನು ಓದಿದವರಿಗೆ ‘ಸೈಂಧವ’ ಶಬ್ದದ ಉದಾಹರಣೆ ಪರಿಚಿತವಾದುದೇ. ಆ ಮಾತಿಗೆ ಉಪ್ಪೆಂದೂ ಅರ್ಥ, ಸಿಂಧುದೇಶದ ಕುದುರೆಯೆಂದೂ ಅರ್ಥ. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪನ್ನು ತರಬೇಕು, ಪ್ರಯಾಣಕ್ಕೆ ಹೊರಟವನು ತಾ ಎಂದರೆ ಕುದುರೆಯನ್ನು ತರಬೇಕು. ಇದನ್ನು ಕೇಳಿದ ನಮ್ಮ ಗೃಹಿಣಿಯು, “ಪ್ರಯಾಣಕ್ಕೆ ಹೊರಟವರಿಗೆ ಊಟ ಬೇಡವೇ? ಎರಡನ್ನೂ ತರಲಿ” ಎಂದಳು. ಶಾಸ್ತ್ರಕಾರರಿಗೆ ಹೊಳೆಯದ ಈ ಪರಿಹಾರವು ನಮ್ಮ ಯಾತ್ರೆಯುದ್ದಕ್ಕೂ ಸತ್ಯವಾಗಿ ಪರಿಣಮಿಸಿತು.

ಕೂಳೂರಿನ ಸೇತುವೆಯನ್ನು ದಾಟಿ ಉತ್ತರಾಭಿಮುಖವಾಗಿ ಹೊರಟೆವು. ಈ ದಾರಿಯು 66ನೆಯ ರಾಷ್ಟ್ರೀಯ ಹೆದ್ದಾರಿ. ಹಿಂದೆ ಇದಕ್ಕೆ 17 ಎಂಬ ಸಂಖ್ಯೆಯಿತ್ತು. ಕನ್ಯಾಕುಮಾರಿಯ ಕಡೆಯಿಂದ ಮುಂಬಯಿಯ ಸಮೀಪದ ಪನ್ವೇಲಿನವರೆಗೆ ಸುಮಾರು 1,600 ಕಿಲೋಮೀಟರು ಪಶ್ಚಿಮಸಮುದ್ರದ ಮಗ್ಗುಲಿನಲ್ಲೇ ಸಾಗುತ್ತದೆ. ಕುಂದಾಪುರವನ್ನು ದಾಟಿ ಮರವಂತೆಗೆ ಬಂದರೆ ಎಡಗಡೆಯಲ್ಲಿ ಕಡಲು, ಬಲಗಡೆಯಲ್ಲಿ ಸೌಪರ್ಣಿಕಾ ನದಿ, ನಡುವೆ ದಾರಿಯೊಂದೇ. ಒಂದು ಕಡೆ ಉಪ್ಪು, ಇನ್ನೊಂದು ಕಡೆ ಸಿಹಿ, ಎರಡೂ ನೀರೇ. ಮುಂದೆ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂಬ ನದಿಗಳು ಒಂದರ ಹಿಂದೊಂದು ಬಂದು ತಮ್ಮ ಸಿಹಿನೀರನ್ನು ಕಡಲಿಗೆ ಒಪ್ಪಿಸುವುದನ್ನು ನೋಡುತ್ತ ಹೋದೆವು. ಈ ದಾರಿಯ ಸೌಂದರ್ಯವನ್ನು ಹೊಗಳುವವರು ಅದರ ಅಪಾಯವನ್ನೂ ಹೇಳಬೇಕು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ನೆಯ ಜುಲೈ 16ರಂದು ಗುಡ್ಡವು ಕುಸಿದು ಹೆದ್ದಾರಿಯ ಮೇಲೆಯೂ ಗಂಗಾವಳಿಯೊಳಗೂ ಬಿದ್ದು ಪ್ರಾಣಹಾನಿಯಾಯಿತು. ಅದಾದ ಮೂರೇ ವಾರಗಳಲ್ಲಿ, ಆಗಸ್ಟ್ 7ರಂದು, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಮಳೆಗಾಲದಲ್ಲಿ ಇಲ್ಲಿ ಪ್ರಯಾಣಮಾಡುವವರು ಊರವರ ಮಾತನ್ನು ಕೇಳಿ ಮುಂದುವರಿಯುವುದು ಲೇಸು.

ಗೋಕರ್ಣದ ಸಮೀಪದ ಸಾಣಿಕಟ್ಟದಲ್ಲಿ ನಾವು ಅರ್ಧ ದಿವಸ ನಿಂತೆವು. ಅಘನಾಶಿನಿಯು ಕಡಲನ್ನು ಸೇರುವ ಅಳಿವೆಯ ಬಯಲಿನಲ್ಲಿ ಕಣ್ಣು ಹರಿಯುವಷ್ಟು ದೂರ ಉಪ್ಪಿನ ಗದ್ದೆಗಳು. ಭರತದ ಕಾಲದಲ್ಲಿ ತೂಬಿನಿಂದ ಒಳಗೆ ಬಿಟ್ಟುಕೊಂಡ ನೀರನ್ನು ಮೊದಲು ದೊಡ್ಡ ಪಾತ್ರಗಳಲ್ಲಿ ನಿಲ್ಲಿಸುತ್ತಾರೆ. ಅದು ಬಿಸಿಲಿಗೆ ಇಂಗಿ ಗಟ್ಟಿಯಾದಂತೆ ಚಿಕ್ಕ ಮಡಿಗಳಿಗೆ ಹಾಯಿಸುತ್ತಾರೆ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಮು ಲವಣಗಳಿರುತ್ತವೆ. ನೀರು ಆರಿ ಹತ್ತರಲ್ಲಿ ಒಂದು ಪಾಲಷ್ಟು ಉಳಿಯುವ ಹೊತ್ತಿಗೆ ಉಪ್ಪು ಹರಳುಗಟ್ಟಲು ಮೊದಲಾಗುತ್ತದೆ. ಆಮೇಲೆ ಮರದ ಹಲುಬೆಯಿಂದ ಎಳೆದು ಬದುವಿನ ಮೇಲೆ ರಾಶಿಹಾಕುತ್ತಾರೆ. ತಲೆಯ ಮೇಲೆ ಬುಟ್ಟಿಯನ್ನು ಹೊತ್ತು ಹೋಗುತ್ತಿದ್ದ ಒಬ್ಬಾಕೆಯನ್ನು ನಮ್ಮ ಗೃಹಿಣಿಯು ನಿಲ್ಲಿಸಿ, ಇದಕ್ಕೆ ಹೆಚ್ಚಿನ ಭಯ ಯಾವುದೆಂದು ಕೇಳಿದಳು. “ಮಳೆ ಅಮ್ಮಾ. ಒಂದು ಸರ್ತಿ ಹೊಯ್ದರೆ ಸಾಕು, ಮಾಡಿದ್ದೆಲ್ಲ ನೀರು” ಎಂದು ಆಕೆ ಉತ್ತರಕೊಟ್ಟಳು. ಅಡಿಗೆಯ ಮನೆಯ ಗಡಿಗೆಯಿಂದ ನಾಲ್ಕು ಹರಳನ್ನು ಎಣಿಸದೆ ತೆಗೆದುಹಾಕುವವರು ಈ ಮಾತನ್ನು ಒಮ್ಮೆ ಕೇಳಬೇಕು. ಗೃಹಿಣಿಯು ಅಲ್ಲಿಂದ ಎರಡು ಕಿಲೋ ಹರಳುಪ್ಪನ್ನು ಕೊಂಡು ಗಾಡಿಯಲ್ಲಿಟ್ಟಳು.

ಸಾಣಿಕಟ್ಟದಿಂದ ಅಂಕೋಲೆಯು ದೂರವಲ್ಲ. 1930ನೆಯ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿಯ ಜನರು ಕಾನೂನನ್ನು ಮೀರಿ ಉಪ್ಪನ್ನು ತಯಾರಿಸಿದರು. ಆ ಕಾಲದ ಹೋರಾಟದಿಂದಾಗಿ ಈ ಊರಿಗೆ ಕರ್ನಾಟಕದ ಬಾರ್ಡೋಲಿಯೆಂಬ ಹೆಸರು ಬಂದಿತು. ಕಾರವಾರದ ಮರಳಿನ ದಡಕ್ಕೆ ಈಗ ರವೀಂದ್ರನಾಥ ಠಾಕೂರರ ಹೆಸರಿದೆ. ಅವರು ತಾರುಣ್ಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರೊಡನೆ ಕೆಲಕಾಲ ಅಲ್ಲಿ ಇದ್ದರು.

ಗೋವೆಯ ನಗರಗಳನ್ನು ನಾವು ಒಂದೇ ರಾತ್ರಿಯ ವಸತಿಯಲ್ಲಿ ದಾಟಿದೆವು. ಅವುಗಳ ವರ್ಣನೆಯು ವಾಚಕರಿಗೆ ಬೇರೆಡೆಯಲ್ಲಿ ಯಥೇಷ್ಟವಾಗಿ ದೊರೆಯುತ್ತದೆ. ಮುಂದಿನ ಕೊಂಕಣದಲ್ಲಿ ದಾರಿಯು ಕಡಲನ್ನು ಬಿಟ್ಟು ಕೆಂಪುಕಲ್ಲಿನ ದಿಣ್ಣೆಗಳನ್ನು ಹತ್ತಿ ಇಳಿಯುತ್ತದೆ. ಹಳೆಯ ಮನೆಗಳ ಮೇಲೆ ಅಲ್ಲಲ್ಲಿ ಮಂಗಳೂರು ಹೆಂಚನ್ನು ಕಂಡು ನಮಗೆ ನೆಂಟರನ್ನು ಕಂಡಂತಾಯಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕೈಗಾರಿಕೆಯು ಪಶ್ಚಿಮತೀರದ ಮನೆಗಳಿಗೆ ಒಂದೇ ಬಣ್ಣದ ಮಾಡನ್ನು ಹೊದಿಸಿತು.

ರತ್ನಾಗಿರಿಯಲ್ಲಿ ಹಾಪೂಸು ಮಾವಿನ ಹಣ್ಣಿನ ಸುಗ್ಗಿ. ಆದರೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಎತ್ತರದ ಮೇಲಿರುವ ಥೀಬಾ ಅರಮನೆ. ಬರ್ಮಾದೇಶದ ಕಡೆಯ ಅರಸನಾದ ಥೀಬಾನನ್ನು 1885ರಲ್ಲಿ ಇಂಗ್ಲಿಷರು ಸಿಂಹಾಸನದಿಂದ ಇಳಿಸಿ, ಮೊದಲು ಮದರಾಸಿಗೂ ಆಮೇಲೆ ರತ್ನಾಗಿರಿಗೂ ತಂದಿರಿಸಿದರು. ಈ ಅರಮನೆಯು ಸಿದ್ಧವಾದುದು 1910ರಲ್ಲಿ; ಅರಸನು 1916ರಲ್ಲಿ ಇಲ್ಲಿಯೇ ತೀರಿಕೊಂಡನು. ರಾಣಿ ಸುಪಾಯಾಲತಳು ಮಾತ್ರ ಬಳಿಕ ಸ್ವದೇಶಕ್ಕೆ ಮರಳಿದಳು. ನಮ್ಮ ಕಡಲೇ ಅವರಿಗೆ ಸೆರೆಮನೆಯ ಗೋಡೆಯಾಗಿತ್ತು. ಮನಸ್ಸು ಬಂದಾಗ ಹೊರಟು, ಮನಸ್ಸು ಬಂದಲ್ಲಿ ನಿಂತು, ಮನೆಗೆ ತಿರುಗಬಲ್ಲ ದಂಪತಿಗಳು ಎಷ್ಟು ಭಾಗ್ಯವಂತರೆಂಬುದು ಆ ಮೊಗಸಾಲೆಯಲ್ಲಿ ನಿಂತಾಗ ಮನಸ್ಸಿಗೆ ಬಂದಿತು.

ಪನ್ವೇಲಿನ ಕಡೆಯಿಂದ ಮುಂಬಯಿಯನ್ನು ಪ್ರವೇಶಿಸಲು ಈಗ ಸಮುದ್ರದ ಮೇಲೆಯೇ ದಾರಿಯಿದೆ. 2024ನೆಯ ಜನವರಿಯಲ್ಲಿ ತೆರೆಯಲ್ಪಟ್ಟ ಅಟಲ್ ಸೇತುವಿನ ಉದ್ದ 21.8 ಕಿಲೋಮೀಟರು. ನಮ್ಮ ಸಮಾಸದೊಳಗಿನ ‘ಸೇತು’ವು ರಾಮೇಶ್ವರದ್ದೇ ಹೊರತು ಇದಲ್ಲ, ಆದರೂ ಎರಡು ಪಾರ್ಶ್ವಗಳಲ್ಲಿಯೂ ನೀರನ್ನೇ ನೋಡುತ್ತ ಕಾಲು ಗಂಟೆಗೂ ಹೆಚ್ಚು ಹೊತ್ತು ಚಲಿಸುವಾಗ ಆ ಪದಕ್ಕೆ ಹೊಸ ಕಾಂತಿಯು ಬಂದಂತೆ ತೋರಿತು. ಮುಂಬಯಿಯಲ್ಲಿ ನಮ್ಮ ಮಗಳ ಮನೆ. ಮಾಟುಂಗದಲ್ಲಿ ಕನ್ನಡವನ್ನು ಕೇಳುತ್ತ, ಮೊಮ್ಮಕ್ಕಳಿಗೆ ಕಥೆ ಹೇಳುತ್ತ ಎರಡು ವಾರಗಳನ್ನು ಅಲ್ಲಿ ಕಳೆದೆವು. ಮಗಳು ಮಾತ್ರ ನಮ್ಮನ್ನು ವೈದ್ಯರ ಬಳಿಗೆ ಕರೆದೊಯ್ದು ಹೃದಯವನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿಸಿ, ಬೆಟ್ಟವನ್ನು ನಿಧಾನವಾಗಿ ಹತ್ತತಕ್ಕದ್ದೆಂದು ಅವರ ಬಾಯಿಂದಲೇ ಹೇಳಿಸಿದ ಹೊರತು ಬಿಡಲಿಲ್ಲ.

ಕಡಲಿಗೆ ವಿದಾಯ ಹೇಳಿದುದು ಗುಜರಾತಿನ ನವಸಾರಿಯ ಬಳಿಯ ದಂಡಿಯಲ್ಲಿ. 1930ನೆಯ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ 78 ಮಂದಿ ಸತ್ಯಾಗ್ರಹಿಗಳೊಡನೆ ಕಾಲ್ನಡಗೆಯಲ್ಲಿ ಹೊರಟ ಗಾಂಧೀಜಿಯವರು, ಸುಮಾರು 385 ಕಿಲೋಮೀಟರು ನಡೆದು, ಏಪ್ರಿಲ್ 6ರ ಬೆಳಿಗ್ಗೆ ಇಲ್ಲಿ ಉಪ್ಪನ್ನು ಕೈಗೆತ್ತಿಕೊಂಡರು. ಆ ತಂಡದಲ್ಲಿದ್ದ ಕನ್ನಡಿಗನು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. 1943ನೆಯ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವನು ಗುಂಡಿಗೆ ಬಲಿಯಾದನು. ಅವನ ಪತ್ನಿ ಸಿದ್ದಮ್ಮನವರೂ ಹೋರಾಟದಲ್ಲಿ ಸೆರೆಮನೆಯನ್ನು ಕಂಡವರೇ. 2019ರಲ್ಲಿ ತೆರೆದ ಸ್ಮಾರಕದಲ್ಲಿ ಯಾತ್ರಿಕರ ಪ್ರತಿಮೆಗಳು ಸಾಲಾಗಿ ನಡೆಯುತ್ತಿವೆ. ನಮ್ಮ ಗೃಹಿಣಿಯು ಆ ಸಾಲನ್ನು ಆದಿಯಿಂದ ಅಂತ್ಯದವರೆಗೆ ನೋಡಿ, “ಉಪ್ಪಿನ ವಿಷಯಕ್ಕೆ ಹೊರಟವರಲ್ಲಿ ಹೆಂಗಸರು ಯಾರೂ ಇಲ್ಲವೇ?” ಎಂದು ಕೇಳಿದಳು.

ಪ್ರಶ್ನೆಯು ನ್ಯಾಯವಾದದ್ದು. ಸಾಬರಮತಿಯಿಂದ ಹೊರಟ ತಂಡದಲ್ಲಿ ಸ್ತ್ರೀಯರಿರಲಿಲ್ಲ. ಅದನ್ನು ಆಕ್ಷೇಪಿಸಿದವರಲ್ಲಿ ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೇ ಮುಖ್ಯರು. ಸತ್ಯಾಗ್ರಹವು ಸ್ತ್ರೀಯರಿಗೂ ತೆರೆದ ಬಳಿಕ ಅವರು ಮುಂಬಯಿಯಲ್ಲಿ ಕಾನೂನುಬಾಹಿರವಾದ ಉಪ್ಪನ್ನು ಬಹಿರಂಗವಾಗಿ ಮಾರಿ ಸೆರೆಮನೆಗೆ ಹೋದರು. ದಂಡಿಯ ದಡದಲ್ಲಿ ಸರೋಜಿನಿ ನಾಯಿಡು ಅವರೂ ಇದ್ದರು. ಇದನ್ನು ಕೇಳಿ ಆಕೆಗೆ ಸಮಾಧಾನವಾಯಿತು. “ಉಪ್ಪು ಎಷ್ಟು ಬೇಕೆಂದು ತಿಳಿದವರು ಬಾರದೆ ಆ ಕೆಲಸ ಪೂರ್ತಿಯಾಗುವುದು ಹೇಗೆ?” ಎಂದಳು.

ಅಲ್ಲಿಂದ ಮುಂದೆ ನೆಲದ ಬಣ್ಣವೇ ಬೇರೆ. ಅಹಮದಾಬಾದು, ಉದಯಪುರ, ಅಜಮೇರುಗಳ ಮೂಲಕ ರಾಜಸ್ಥಾನವನ್ನು ಹಾಯ್ದೆವು. ಬಿಸಿಲು ಪ್ರಚಂಡವಾದುದರಿಂದ ನಸುಕಿನಲ್ಲಿ ಹೊರಟು ಹನ್ನೊಂದು ಗಂಟೆಗೆಲ್ಲ ನಿಲ್ಲುತ್ತಿದ್ದೆವು. ಕಡಲನ್ನು ನೂರಾರು ಕಿಲೋಮೀಟರು ಹಿಂದೆ ಬಿಟ್ಟೆವೆಂದುಕೊಂಡಿದ್ದಾಗ ಜಯಪುರದ ಪಶ್ಚಿಮಕ್ಕೆ ಸಾಂಭರ ಸರೋವರದ ಬಿಳಿಯ ಬಯಲು ಎದುರಾಯಿತು. ಭಾರತದ ಒಳನಾಡಿನ ಉಪ್ಪುನೀರಿನ ಸರೋವರಗಳಲ್ಲಿ ಇದೇ ದೊಡ್ಡದು. ಮೇಂಢಾ, ರೂಪನಗಢ ಮೊದಲಾದ ಹೊಳೆಗಳು ಮಳೆಗಾಲದಲ್ಲಿ ಇದರೊಳಕ್ಕೆ ಹರಿದುಬರುತ್ತವೆ. ಹೊರಕ್ಕೆ ಹೋಗುವ ದಾರಿಯೇ ಇಲ್ಲ. ತಂದ ನೀರೆಲ್ಲ ಬಿಸಿಲಿಗೆ ಆರುತ್ತದೆ, ನೀರಿನೊಡನೆ ಬಂದ ಲವಣವು ಉಳಿಯುತ್ತದೆ. ಕೊಡದೆ ಕೂಡಿಟ್ಟವನ ಸಂಪತ್ತಿನ ಹಾಗೆ ಇದರ ನೀರು ಕುಡಿಯಲು ಬಾರದು ಎಂದು ನಾವು ಸುಭಾಷಿತದ ಧಾಟಿಯಲ್ಲಿ ಹೇಳಹೊರಟರೆ, ದೂರದಲ್ಲಿ ರಾಜಹಂಸಗಳ ಗುಂಪೊಂದು ಅದೇ ನೀರಿನಲ್ಲಿ ತಲೆಯನ್ನು ತಗ್ಗಿಸಿ ನೆಮ್ಮದಿಯಾಗಿ ಮೇಯುತ್ತಿತ್ತು. ಈ ಹಕ್ಕಿಗಳ ಕಾರಣದಿಂದಲೂ 1990ರಲ್ಲಿ ಸಾಂಭರಕ್ಕೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣವೆಂಬ ಮನ್ನಣೆ ದೊರೆಯಿತು.

ದಿಲ್ಲಿಯನ್ನು ಬಳಸಿಕೊಂಡು, ಗೋಧಿಯ ಕೊಯ್ಲು ಮುಗಿದಿದ್ದ ಹರಿಯಾಣದ ಬಯಲನ್ನು ದಾಟಿ, ಚಂಡೀಗಢದ ಮುಂದೆ ಕೀರತಪುರದಲ್ಲಿ ಬೆಟ್ಟದ ದಾರಿಯನ್ನು ಹಿಡಿದೆವು. ಇಲ್ಲಿಂದ ಸುರಂಗಗಳೂ ಸೇತುವೆಗಳೂ ಉಳ್ಳ ಹೊಸ ಹೆದ್ದಾರಿಯು ಬಿಲಾಸಪುರದ ಮೇಲೆ ಮಂಡಿಗೆ ಹೋಗುತ್ತದೆ. ದಾರಿಯಲ್ಲಿ ಸಿಕ್ಕುವ ಸತಲಜ್ ನದಿಯೇ ಶತದ್ರು. ಮಂಡಿಯಲ್ಲಿ ಕಾಣಿಸುವ ಬ್ಯಾಸ್ ನದಿಯೇ ವಿಪಾಶಾ. ಪುತ್ರಶೋಕದಿಂದ ತನ್ನನ್ನು ಹಗ್ಗಗಳಿಂದ ಕಟ್ಟಿಕೊಂಡು ನೀರಿಗೆ ಹಾರಿದ ವಸಿಷ್ಠನ ಪಾಶಗಳನ್ನು ಬಿಡಿಸಿ ದಡಕ್ಕೆ ತಂದುದರಿಂದ ಆ ಹೆಸರು ಬಂದಿತೆಂದು ಮಹಾಭಾರತದ ಆಖ್ಯಾನ. ಇನ್ನೂ ಹಿಂದೆ ಹೋದರೆ, ಈ ಎರಡು ನದಿಗಳೊಡನೆ ವಿಶ್ವಾಮಿತ್ರನು ನಡಸಿದ ಸಂವಾದವು ಋಗ್ವೇದದ ಮೂರನೆಯ ಮಂಡಲದಲ್ಲಿದೆ. ಬಂಡಿಗಳು ದಾಟುವಂತೆ ತಗ್ಗಿರೆಂದು ಅವನು ಬೇಡುತ್ತಾನೆ, ನದಿಗಳು ಒಪ್ಪುತ್ತವೆ. ಗಾಲಿಯ ಮೇಲೆ ಹೊರಟವರಿಗೆ ದಾರಿಯು ಪ್ರಾರ್ಥನೆಯಿಂದ ದೊರೆಯಬೇಕಾದುದೆಂಬ ಈ ಭಾವವು ಎಷ್ಟು ಪ್ರಾಚೀನ! ಈಗ ಮಂಡಿಯ ಮೇಲುಗಡೆಯ ಪಂಡೋಹ್ ಅಣೆಕಟ್ಟಿನಿಂದ ವಿಪಾಶೆಯ ನೀರಿನ ಒಂದು ಭಾಗವನ್ನು ಬೆಟ್ಟದೊಳಗಿನ ಸುರಂಗಗಳ ಮೂಲಕ ಶತದ್ರುವಿಗೆ ಹಾಯಿಸುತ್ತಾರೆ. ಹಾದಿಯಲ್ಲಿ ಅದು ವಿದ್ಯುತ್ತನ್ನೂ ಕೊಡುತ್ತದೆ.

ಮಂಡಿಯಿಂದ ಪಠಾಣಕೋಟೆಯ ರಸ್ತೆಯಲ್ಲಿ ತುಸು ದೂರ ಹೋದರೆ ದ್ರಂಗ್ ಎಂಬ ಊರು. ಅಲ್ಲಿಯೂ, ಅದರಾಚೆಯ ಗುಮ್ಮಾದಲ್ಲಿಯೂ ಬೆಟ್ಟದ ಹೊಟ್ಟೆಯೊಳಗಿಂದ ಉಪ್ಪನ್ನು ಅಗೆದು ತೆಗೆಯುತ್ತ ಬಂದಿದ್ದಾರೆ. ಕಂದುಗೆಂಪಾದ ಒಂದು ಗಡ್ಡೆಯನ್ನು ಅಂಗಡಿಯಲ್ಲಿ ಕಂಡು ಗೃಹಿಣಿಯು ಮೂಸಿ, ನಾಲಗೆಯ ತುದಿಗೆ ಮುಟ್ಟಿಸಿ, “ಇದು ನಮ್ಮ ಏಕಾದಶಿಯ ಸೈಂದುಪ್ಪಿನ ಜಾತಿಯದೇ” ಎಂದು ತೀರ್ಪುಕೊಟ್ಟಳು. ಸಮುದ್ರದಿಂದ ಇಷ್ಟು ದೂರ, ಇಷ್ಟು ಎತ್ತರದಲ್ಲಿ ಉಪ್ಪೆಲ್ಲಿಂದ ಬಂದಿತು? ಇದಕ್ಕೆ ಭೂವಿಜ್ಞಾನಿಗಳು ಕೊಡುವ ಉತ್ತರವು ಪುರಾಣದಷ್ಟೇ ಅದ್ಭುತವಾಗಿದೆ. ಎಂದೋ ಇಲ್ಲಿ ನಿಂತಿದ್ದ ಉಪ್ಪುನೀರು ಆರಿ, ಸಾಣಿಕಟ್ಟದ ಮಡಿಗಳಲ್ಲಿ ಆಗುವಂತೆಯೇ, ಲವಣದ ಪದರವಾಯಿತು. ಮೇಲೆ ಮಣ್ಣು ಕಲ್ಲುಗಳು ಬಿದ್ದು ಮುಚ್ಚಿಕೊಂಡವು. ಭಾರತದ ಭೂಭಾಗವು ಉತ್ತರಕ್ಕೆ ಸರಿದು ಏಷ್ಯಾಖಂಡವನ್ನು ಸುಮಾರು 5 ಕೋಟಿ ವರ್ಷಗಳ ಹಿಂದೆ ತಾಕಿತು. ನಡುವೆ ಇದ್ದ ಟೆಥಿಸ್ ಎಂಬ ಕಡಲು ಅಡಗಿಹೋಗಿ, ಅದರ ತಳವೇ ಮಡಿಚಿಕೊಂಡು ಮೇಲೆದ್ದಿತು.

ನಮ್ಮ ದೇವರ ಪೆಟ್ಟಿಗೆಯಲ್ಲಿ ತಲೆತಲಾಂತರದಿಂದ ಬಂದ ಒಂದು ಸಾಲಿಗ್ರಾಮವಿದೆ. ಸಾಲಿಗ್ರಾಮವು ದೊರೆಯುವುದು ನೇಪಾಳದ ಗಂಡಕೀ ನದಿಯಲ್ಲಿ. ಅದರೊಳಗಿನ ಚಕ್ರವು ಆ ಪುರಾತನ ಸಮುದ್ರದಲ್ಲಿ ಬಾಳಿದ ಅಮ್ಮೊನೈಟ್ ಎಂಬ ಪ್ರಾಣಿಯ ಚಿಪ್ಪಿನ ಅಚ್ಚು. ಹಿಮಾಚಲದ ಸ್ಪಿತಿಯಲ್ಲಿಯೂ ಅಂಥ ಚಿಪ್ಪಿನ ಕಲ್ಲುಗಳು ಪ್ರಸಿದ್ಧವಾಗಿವೆ. ಕಡಲಿನ ಜೀವಿಯು ಹಿಮಾಲಯದಲ್ಲಿ ಶಿಲೆಯಾಗಿ, ನದಿಯಲ್ಲಿ ನಯವಾಗಿ, ಮತ್ತೆ ಕಡಲಿನ ಮಗ್ಗುಲಿನ ನಮ್ಮ ಮನೆಗೆ ಬಂದು ದಿನವೂ ಅಭಿಷೇಕವನ್ನು ಪಡೆಯುತ್ತಿದೆ. ಇದನ್ನು ಗೃಹಿಣಿಗೆ ಹೇಳಿದಾಗ ಆಕೆಯ ಭಕ್ತಿಯು ಕಡಮೆಯಾಗಲಿಲ್ಲ. “ಹಾಗಾದರೆ ಅದು ನಮಗಿಂತ ಮುಂಚೆಯೇ ಈ ದಾರಿಯಲ್ಲಿ ಬಂದುಹೋಗಿದೆ” ಎಂದಳು.

ಕುಲ್ಲುವಿನಿಂದ ಮನಾಲಿಯವರೆಗೆ ವಿಪಾಶೆಯು ಪಕ್ಕದಲ್ಲೇ ಇರುತ್ತಾಳೆ. 2023ನೆಯ ಜುಲೈಯಲ್ಲಿ ಅವಳು ಉಕ್ಕಿ ದಾರಿಯನ್ನೂ ಮನೆಗಳನ್ನೂ ಕೊಚ್ಚಿಕೊಂಡು ಹೋದ ಗುರುತುಗಳು ದಂಡೆಯಲ್ಲಿ ಇನ್ನೂ ಕಾಣುತ್ತಿದ್ದವು. ಸುಮಾರು 2,000 ಮೀಟರು ಎತ್ತರದ ಮನಾಲಿಯಲ್ಲಿ ವೈದ್ಯರ ಮಾತಿನಂತೆ ಮೂರು ರಾತ್ರಿ ತಂಗಿದೆವು. ಹಿಂದೆ ಇಲ್ಲಿಂದ ಲಾಹುಲಿಗೆ ಹೋಗಲು 3,978 ಮೀಟರು ಎತ್ತರದ ರೋಹತಾಂಗ್ ಕಣಿವೆಯೊಂದೇ ದಾರಿ. ಚಳಿಗಾಲದಲ್ಲಿ ಅದು ಹಿಮದಿಂದ ಮುಚ್ಚಿದರೆ ಲಾಹುಲಿನವರು ಆರು ತಿಂಗಳು ಹೊರಗಿನ ಜಗತ್ತಿಗೆ ಇಲ್ಲದವರಾಗುತ್ತಿದ್ದರು. 2020ನೆಯ ಅಕ್ಟೋಬರ್ 3ರಂದು ತೆರೆದ 9.02 ಕಿಲೋಮೀಟರು ಉದ್ದದ ಅಟಲ್ ಸುರಂಗವು ಕೇಲಾಂಗಿನ ದಾರಿಯನ್ನು 46 ಕಿಲೋಮೀಟರು ಕುಗ್ಗಿಸಿದೆ. ದೇವದಾರುಗಳ ಹಸುರಿನಿಂದ ಸುರಂಗವನ್ನು ಹೊಕ್ಕು, ಸ್ವಲ್ಪ ಹೊತ್ತಿಗೆ ಹೊರಬಂದರೆ ಮರಗಳು ವಿರಳವಾಗಿ, ಎದುರಿನ ಬೆಟ್ಟಗಳೆಲ್ಲ ಬಿಳುಪು. ಕಣ್ಣಿಗೆ ಚುಚ್ಚುವ ಆ ಬಿಳುಪನ್ನು ನೋಡಿ ಗೃಹಿಣಿಯು ಮೊದಲು ಆಡಿದ ಮಾತು “ಸಾಣಿಕಟ್ಟ!” ಎಂಬುದೇ. ಮಹಾಕವಿಗಳು ಹಿಮವನ್ನು ಶಿವನ ನಗೆಗೆ ಹೋಲಿಸಿರಬಹುದು. ನಮಗೆ ಈ ಉಪಮಾನವೇ ಯುಕ್ತವಾಗಿ ಕಂಡಿತು.

ಕೇಲಾಂಗಿನ ಎತ್ತರ ಸುಮಾರು 3,080 ಮೀಟರು. ಇಲ್ಲಿ ನೀರು 90 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿಯನ್ನು ಬೇಯಿಸಹೊರಟವರು ಹಸಿದೇ ಮಲಗಬೇಕು. ಕುಕ್ಕರು ಇದ್ದವರೇ ಇಲ್ಲಿ ಶ್ರೀಮಂತರು. ಎರಡು ರಾತ್ರಿ ಅಲ್ಲಿ ಕಳೆದು ಮೂರನೆಯ ಬೆಳಿಗ್ಗೆ ನಮ್ಮ ಯಾತ್ರೆಯ ತುದಿಯೆಂದು ಗೊತ್ತುಮಾಡಿದ್ದ ಸೂರಜತಾಲಕ್ಕೆ ಹೊರಟೆವು. ಅದು ಸುಮಾರು 4,890 ಮೀಟರು ಎತ್ತರದ ಬಾರಾಲಾಚಾ ಕಣಿವೆಯ ಕೆಳಗಿರುವ ಸರೋವರ. ಭಾಗಾ ನದಿಯ ಉಗಮ. ಕಡಲಿನಿಂದ ಹೊರಟವರು ನೀರಿನ ಹುಟ್ಟನ್ನು ಮುಟ್ಟಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು. ದಾರಿಯು ಆಗತಾನೆ ತೆರೆದಿತ್ತು. ದಾರಚಾದಲ್ಲಿ ಚಹಾ ಕುಡಿದು, ಸುಮಾರು 3,800 ಮೀಟರು ಎತ್ತರದ ಪಟ್ಸಿಯೋವನ್ನು ಸೇರಿದಾಗ ದಾರಿಯ ಎರಡು ಬದಿಗಳಲ್ಲಿಯೂ ಕಡಿದು ನಿಲ್ಲಿಸಿದ ಹಿಮದ ಗೋಡೆ.

ಗಾಡಿಯನ್ನು ನಿಲ್ಲಿಸಿ ಇಬ್ಬರೂ ಇಳಿದೆವು. ಗೃಹಿಣಿಯು ಹಿಮವನ್ನು ಹಿಡಿಯಲ್ಲಿ ಹಿಡಿದು, ಬೆರಳುಗಳ ನಡುವೆ ಅದು ನೀರಾಗಿ ಸೋರುವುದನ್ನು ಮಗುವಿನಂತೆ ನೋಡಿದಳು. ಸ್ವಲ್ಪ ತಲೆನೋವು, ಬಿಸಿಲಿನದು, ಎಂದಳು. ಆಮೇಲೆ ಆಸನದಲ್ಲಿ ಕುಳಿತು, ದಾರಚಾದ ಚಹಾದ ಲೆಕ್ಕವನ್ನು ಬರೆಯಲೆಂದು ಚೀಲವನ್ನು ಬಿಚ್ಚಿದಳು. ನೋಟುಗಳನ್ನು ಎಣಿಸಿದಳು, ಒಂದು ಮೊತ್ತ ಬಂದಿತು. ಪುನಃ ಎಣಿಸಿದಳು, ಇನ್ನೊಂದು ಬಂದಿತು. ಮೂರನೆಯ ಸಲ ಅರ್ಧಕ್ಕೆ ನಿಂತು ನಮ್ಮ ಮುಖವನ್ನು ನೋಡಿದಳು. ಮೂವತ್ತಾರು ವರ್ಷಗಳ ಸಂಸಾರದಲ್ಲಿ ಆ ಕೈಯಿಂದ ಒಂದು ರೂಪಾಯಿಯ ಲೆಕ್ಕ ತಪ್ಪಿದುದನ್ನು ನಾವು ಕಂಡಿಲ್ಲ. ಎತ್ತರದ ವಾಯುವು ತೆಳುವಾಗಿ, ರಕ್ತಕ್ಕೆ ಸಾಲುವಷ್ಟು ಆಮ್ಲಜನಕವು ದೊರೆಯದಿದ್ದರೆ ತಲೆನೋವು, ವಾಕರಿಕೆಗಳು ಮೊದಲು ಬರುತ್ತವೆ. ಬುದ್ಧಿಯು ಮಂಕಾಗತೊಡಗಿದರೆ ತಡಮಾಡತಕ್ಕದ್ದಲ್ಲವೆಂದು ಮುಂಬಯಿಯ ವೈದ್ಯರು ಒತ್ತಿ ಹೇಳಿದ್ದರು. ಜಾಗ್ರತೆಯಾಗಿ ಹತ್ತಿದವರಿಗೂ ಇದು ಬರಬಹುದು. ಒಬ್ಬರಿಗೆ ಬಂದು ಜೊತೆಯವರಿಗೆ ಬಾರದಿರಲೂಬಹುದು. ಇದಕ್ಕೆ ಮೊದಲ ಚಿಕಿತ್ಸೆ ಕೆಳಕ್ಕೆ ಇಳಿಯುವುದೇ.

ಸೂರಜತಾಲಕ್ಕೆ ಇನ್ನುಳಿದುದು ಸುಮಾರು 30 ಕಿಲೋಮೀಟರು. “ನೀವು ಹೋಗಿ ನೋಡಿಕೊಂಡು ಬನ್ನಿ. ನಾನು ದಾರಚಾದಲ್ಲಿ ಆ ಚಹಾದ ಹೆಂಗಸಿನ ಹತ್ತಿರ ಕೂತಿರುತ್ತೇನೆ” ಎಂದಳು. ನಾವು ಉತ್ತರಕೊಡದೆ ಗಾಡಿಯನ್ನು ತಿರುಗಿಸಿದೆವು. ಇಳಿಯುವ ದಾರಿಯಲ್ಲಿ ಆಕೆಯು ಕಣ್ಣನ್ನು ಮುಚ್ಚಿಕೊಂಡೇ ಇದ್ದಳು. ಜಿಸ್ಪಾ ಬಂದಾಗ, “ನನ್ನ ದೆಸೆಯಿಂದ ನಿಮ್ಮ ಯಾತ್ರೆ ಕೆಟ್ಟಿತು” ಎಂದು ಮೆಲ್ಲಗೆ ಹೇಳಿದಳು. ಇದಕ್ಕೆ ಮಾತ್ರ ಉತ್ತರ ಕೊಡದೆ ಇರಲಾಗಲಿಲ್ಲ. “ನಮ್ಮ ಯಾತ್ರೆ ಎನ್ನು, ಅದು ಇಬ್ಬರದು. ಒಬ್ಬನೇ ನೋಡಿಬಂದರೆ ಅದು ಇನ್ನೊಂದು ಯಾತ್ರೆಯಾಗುತ್ತದೆ” ಎಂದೆವು.

ಕೇಲಾಂಗಿನ ವೈದ್ಯರು ಪರೀಕ್ಷಿಸಿ, ಇಳಿದುದು ಸರಿಯಾಯಿತೆಂದು ಹೇಳಿ, ಸ್ವಲ್ಪ ಹೊತ್ತು ಆಮ್ಲಜನಕವನ್ನು ಕೊಟ್ಟು ವಿಶ್ರಾಂತಿಯನ್ನು ವಿಧಿಸಿದರು. ಸಂಜೆಗೆ ತಲೆನೋವು ಇಳಿಯಿತು. ಆ ರಾತ್ರಿ ಅಡಿಗೆಯ ಭಾರ ನಮ್ಮದಾಯಿತು. ಕುಕ್ಕರಿನಲ್ಲಿ ಕುಚ್ಚಲಕ್ಕಿಯ ಗಂಜಿಯನ್ನು ಬೇಯಿಸಿ, ಸಾಣಿಕಟ್ಟದ ಹರಳುಪ್ಪನ್ನು ಹಾಕಿ ಮುಂದಿಟ್ಟೆವು. ಒಂದು ಗುಟುಕು ಕುಡಿದು, “ಉಪ್ಪು ಹೆಚ್ಚಾಯಿತು” ಎಂದಳು. ಆಕೆಯ ಬುದ್ಧಿ ತಿಳಿಯಾಗಿದೆಯೆಂಬುದಕ್ಕೆ ನಮಗೆ ಬೇರೆ ಸಾಕ್ಷ್ಯವು ಬೇಕಾಗಲಿಲ್ಲ. ಉಂಡಾದ ಮೇಲೆ ಲೆಕ್ಕದ ಪುಸ್ತಕವನ್ನು ತರಿಸಿಕೊಂಡು ಎಣಿಸಿದಳು. ಒಂದೇ ಸಲಕ್ಕೆ ಸರಿಹೋಯಿತು.

ಮರುದಿನ ಇಳಿಯುವಾಗ ತಾಂಡಿಯಲ್ಲಿ ನಿಂತೆವು. ಇಲ್ಲಿ ಚಂದ್ರಾ ಮತ್ತು ಭಾಗಾ ಎಂಬ ಎರಡು ನದಿಗಳು ಕೂಡುತ್ತವೆ. ಕೂಡಿದ ಮೇಲೆ ಹೆಸರು ಚಂದ್ರಭಾಗಾ. ವೇದದಲ್ಲಿ ಇವಳೇ ಅಸಿಕ್ನೀ, ಈಗಿನವರ ಬಾಯಲ್ಲಿ ಚಿನಾಬ್. ಸೂರಜತಾಲದಿಂದ ಬಂದ ನೀರು ನಾವು ನಿಂತ ಕಲ್ಲಿನ ಬುಡದಲ್ಲಿಯೇ ಹರಿಯುತ್ತಿತ್ತು. ಮುಂದೆ ಅದು ಜಮ್ಮುವಿನ ಬೆಟ್ಟಗಳನ್ನು ಸೀಳಿ, ಪಾಕಿಸ್ತಾನದ ಬಯಲಿಗಿಳಿದು, ಸಿಂಧುವನ್ನು ಕೂಡಿ, ಕೊನೆಗೆ ಸೇರುವುದು ಅರಬ್ಬೀ ಸಮುದ್ರವನ್ನು. ಮರವಂತೆಯಲ್ಲಿ ನಮ್ಮ ಎಡಗಡೆಗಿದ್ದುದು ಅದೇ ಸಮುದ್ರ. ಅಲ್ಲಿಯ ನೀರೇ ಆವಿಯಾಗಿ ಮೋಡವಾಗುತ್ತದೆ. ಒಂದು ಪಾಲು ಸಹ್ಯಾದ್ರಿಯಲ್ಲಿ ಮಳೆಯಾಗಿ, ಇನ್ನೊಂದು ಪಾಲು ದೂರದ ಗಿರಿಗಳಲ್ಲಿ ಹಿಮವಾಗಿ ಬೀಳುತ್ತದೆ. ಮೇಲಕ್ಕೆ ಹೋಗುವಾಗ ಉಪ್ಪನ್ನು ಕೆಳಗೆ ಬಿಟ್ಟುಹೋಗುತ್ತದೆ, ಕೆಳಕ್ಕೆ ಬರುವಾಗ ಬೆಟ್ಟದ ಲವಣವನ್ನು ಕರಗಿಸಿಕೊಂಡು ತರುತ್ತದೆ. ಮೂರು ಸಾವಿರ ಕಿಲೋಮೀಟರಿನ ಉದ್ದಕ್ಕೂ ನಾವು ಕಂಡುದು ಈ ಒಂದೇ ಕೊಡುಕೊಳ್ಳುವಿಕೆಯನ್ನು. ಗೃಹಿಣಿಯು ದಡದಲ್ಲಿ ಕುಳಿತು ಕಾಲನ್ನು ನೀರಿಗಿಳಿಬಿಟ್ಟು, ಚಳಿಗೆ ಥಟ್ಟನೆ ಮೇಲಕ್ಕೆಳೆದುಕೊಂಡಳು.

ವಯಸ್ಸಾದ ದಂಪತಿಗಳು ಇಂಥ ದಾರಿಯನ್ನು ಹಿಡಿಯಬಹುದೇ ಎಂದು ಕೇಳುವವರಿಗೆ, ಹಿಡಿಯಬಹುದೆಂದೇ ನಮ್ಮ ಉತ್ತರ. ವೈದ್ಯರಿಗೆ ಮೈಯನ್ನು ತೋರಿಸಿಕೊಂಡು ಹೊರಡಿರಿ. 3,000 ಮೀಟರನ್ನು ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿರಿ. ನೀರನ್ನು ಧಾರಾಳವಾಗಿ ಕುಡಿಯಿರಿ. ಜೊತೆಯವರು ತಲೆನೋವೆಂದರೆ ಬಿಸಿಲಿನ ಮೇಲೆ ಹೊರಿಸಬೇಡಿರಿ. ಅವರು ದಿನವೂ ತಪ್ಪದೆ ಮಾಡುವ ಒಂದು ಚಿಕ್ಕ ಕೆಲಸವನ್ನು ಮಾಡಿಸಿ ನೋಡಿರಿ. ಹಿಂದಿರುಗಬೇಕಾದಲ್ಲಿ ಹಿಂದಿರುಗಿರಿ. ಸೂರಜತಾಲವನ್ನು ನಾವು ನೋಡಲಿಲ್ಲ. ಅದರ ನೀರು ಮಾತ್ರ ತಾಂಡಿಯಲ್ಲಿ ನಮ್ಮ ಕಾಲನ್ನು ಮುಟ್ಟಿ ನಮಗಿಂತ ಮುಂದಾಗಿ ಕಡಲಿನ ಕಡೆಗೆ ಹೊರಟಿತು. ನಾವೂ ಮನಾಲಿಯ ದಾರಿಯನ್ನು ಹಿಡಿದೆವು.